ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟ

ನಮ್ಮನೆ ಅಡಿಕೆ ಲೆಕ್ಕದ ಪುಸ್ತಕವನ್ನು ಮುಂದಿನಿಂದ ತೆಗೆದರೆ ಚಾಲಿ, ಬಿಳೆಗೋಟು, ಕೆಂಪುಗೋಟು, ಕೋಕಾ ಅಂತ ಸಾಲುಗಳು. ಎಷ್ಟು ಚೀಲ, ಎಷ್ಟು ತೂಕ, ಏನು ದರ. ಅದೇ ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ತೆಗೆದರೆ ಮೊದಲ ಪುಟದ ನೆತ್ತಿಯಲ್ಲಿ ಪೆನ್ಸಿಲ್ಲಿನಿಂದ ಬರೆದ ಒಂದು ಸಂಖ್ಯೆ ಇದೆ.

4294967297.

ಅದರ ಕೆಳಗೆ ಪುಟ ತುಂಬಾ ಭಾಗಾಕಾರ. ಮೂಲೆಯಲ್ಲಿ ಹಲಸಿನ ಹಪ್ಪಳದ ಎಣ್ಣೆ ಕಲೆ. ಹತ್ತು ಅಂಕೆ ಇರುವುದರಿಂದ ಯಾರದ್ದೋ ಮೊಬೈಲ್ ನಂಬರ್ ಹಾಗೆ ಕಾಣುತ್ತದೆ. ಆಯಿ ಒಂದು ದಿನ ಪುಸ್ತಕ ನೋಡಿ, "ಯಾರದ್ದು ತಮಾ ಈ ನಂಬರು?" ಅಂತ ಕೇಳಿದ್ದಳು. ಯಾರದ್ದೂ ಅಲ್ಲ ಅಂದೆ. ಆದರೆ ಆ ಉತ್ತರ ಪೂರ್ತಿ ಸರಿಯಲ್ಲ ಅಂತ ಆಮೇಲೆ ಅನ್ನಿಸಿತು. ಅದರ ಹಿಂದೆ ಇಬ್ಬರು ಮೂವರ ಬದುಕಿನ ಒಂದಿಷ್ಟು ಭಾಗ ಇದೆ. ಆಷಾಢದ ಎರಡು ರಾತ್ರಿ ನಮ್ಮದೂ ಆಗಿತ್ತು.

ಅಕ್ಕನ ಮಗಳು ಕಾರವಾರದಲ್ಲಿ ಮೊದಲ ಪಿಯುಸಿ ಓದುತ್ತಾಳೆ. ಆ ವಾರ ಶಿರಸಿಗೆ ಬಂದವಳು ಇಲ್ಲೇ ಉಳಿದುಬಿಟ್ಟಿದ್ದಳು. ಘಟ್ಟದಲ್ಲಿ ಮರ ಬಿದ್ದು ಬಸ್ಸು ನಿಂತಿತ್ತು. ಕರೆಂಟು ಹೋಗಿ ಎರಡನೇ ದಿನ. ಮೊಬೈಲು ಸತ್ತು ಮಲಗಿತ್ತು. ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಜೋರಾಗಿ ಕೂಗಿ ಮಾತಾಡಬೇಕಿತ್ತು. ಚಿಮಣಿ ದೀಪ ಇಟ್ಟುಕೊಂಡು ಕೂತಾಗ ಅವಳೇ ಶುರು ಮಾಡಿದಳು. ಕ್ಲಾಸಿನಲ್ಲಿ ಯಾರೋ ಹೇಳಿದ್ದಂತೆ: 2 ತಗೊಳ್ಳಿ. ಅದನ್ನು ಅದರಿಂದಲೇ ಗುಣಿಸಿ, 4. ಮತ್ತೆ ಅದರಿಂದಲೇ ಗುಣಿಸಿ, 16. ಮತ್ತೆ 256. ಮತ್ತೆ 65536. ಪ್ರತಿಯೊಂದಕ್ಕೂ ಒಂದು ಕೂಡಿಸಿ. 3, 5, 17, 257, 65537. ಐದೂ ಅವಿಭಾಜ್ಯ ಸಂಖ್ಯೆಗಳು. ಒಂದನ್ನೂ ಒಡೆಯೋಕೆ ಬರುವುದಿಲ್ಲ.

"ಹಂಗಾರೆ ಮುಂದಿಂದು, ಮಾವ?"

65536ನ್ನು 65536ರಿಂದ ಗುಣಿಸಿ ಒಂದು ಕೂಡಿಸಬೇಕು. ಕಾಗದ ಹುಡುಕಿದೆ, ಸಿಗಲಿಲ್ಲ. ಲೆಕ್ಕದ ಪುಸ್ತಕ ಕೈಗೆ ಸಿಕ್ಕಿತು. ಅವಳು ಗುಣಿಸಿದಳು, ನಾನು ತಾಳೆ ನೋಡಿದೆ. 429 ಕೋಟಿ 49 ಲಕ್ಷ 67 ಸಾವಿರದ 297.

ಇದೂ ಅವಿಭಾಜ್ಯವೇ? ಫ್ರಾನ್ಸಿನ ತೂಲೂಸ್‌ನಲ್ಲಿದ್ದ ಪಿಯರ್ ದ ಫರ್ಮಾ ಹೌದು ಎಂದು ನಂಬಿದ್ದರು. ಕೆಲಸದಲ್ಲಿ ನ್ಯಾಯಾಲಯದವರು, ಗಣಿತ ಅವರ ಬಿಡುವಿನ ಪ್ರೀತಿ. 1640ರಲ್ಲಿ ಬರೆದ ಪತ್ರಗಳಲ್ಲಿ ಈ ಪಟ್ಟಿಯ ಎಲ್ಲ ಸಂಖ್ಯೆಗಳೂ ಅವಿಭಾಜ್ಯ ಎಂಬ ತಮ್ಮ ನಂಬಿಕೆಯನ್ನು ಹೇಳಿದರು. ಸಾಧಿಸಿ ತೋರಿಸಲು ಆಗಿಲ್ಲ ಅಂತಲೂ ಒಪ್ಪಿಕೊಂಡಿದ್ದರು. ಆ ಸಂಖ್ಯೆಗಳಿಗೆ ಇವತ್ತಿಗೂ ಅವರದೇ ಹೆಸರು.

ಶಿರಸಿ ಹತ್ತಿರ ಶಾಲ್ಮಲಾ ಹೊಳೆಯಲ್ಲಿ ಸಹಸ್ರಲಿಂಗ ಇದೆ, ನಿಮಗೆ ಗೊತ್ತಿರಬಹುದು. ಸಣ್ಣವನಿದ್ದಾಗ ಅಲ್ಲಿ ಬಂಡೆಯಿಂದ ಬಂಡೆಗೆ ಹಾರುತ್ತಾ ಎಣಿಸಲು ಹೋಗಿದ್ದೆ. ನೂರು ದಾಟುವುದರೊಳಗೆ ಯಾವುದನ್ನು ಎಣಿಸಿದೆ, ಯಾವುದನ್ನು ಬಿಟ್ಟೆ ಎಂಬುದು ಮರೆತುಹೋಯಿತು. ಕೆಲವು ನೀರಿನಡಿ, ಕೆಲವು ಸವೆದು ಬರೀ ಕಲ್ಲು. ಅಜ್ಜ ದಡದಲ್ಲಿ ಕೂತು, ಸಾವಿರ ಅಂದರೆ ಲೆಕ್ಕ ಅಲ್ಲ, ತುಂಬಾ ಅಂತ ಅರ್ಥ ಎಂದಿದ್ದ. ದೇವರ ವಿಷಯದಲ್ಲಿ ಅದು ಸರಿ. ಆದರೆ ದೊಡ್ಡ ಸಂಖ್ಯೆ ಕಂಡಾಗಲೆಲ್ಲ ನಾವು ಹಾಗೇ ಮಾಡುತ್ತೇವೆ. 429 ಕೋಟಿ ಅಂದರೆ "ಅಬ್ಬಾ" ಅಂದು ಮುಂದೆ ಹೋಗುತ್ತೇವೆ. 429 ಕೋಟಿಯ ಆಸುಪಾಸಿನಲ್ಲಿ ಇರುವ ಒಂದೊಂದು ಸಂಖ್ಯೆಗೂ ಬೇರೆ ಬೇರೆ ಸ್ವಭಾವ ಇದೆ ಅನ್ನುವುದು ತಲೆಗೆ ಹೋಗುವುದೇ ಇಲ್ಲ. ನನಗೂ ಆ ರಾತ್ರಿವರೆಗೆ ಹೋಗಿರಲಿಲ್ಲ. ಓದಿ ಗೊತ್ತಿತ್ತು, ಅಷ್ಟೇ.

ಅವಳು ಒಂದೊಂದಾಗಿ ಭಾಗಿಸುತ್ತಾ ಹೋದಳು. ಮೂರರಿಂದ ನೋಡುವುದು ಸುಲಭ. ಅಂಕೆಗಳನ್ನೆಲ್ಲ ಕೂಡಿದರೆ 59, ಹಾಗಾಗಿ ಶೇಷ 2. ಐದರಿಂದ ಇನ್ನೂ ಸುಲಭ, ಕೊನೆಯ ಅಂಕೆ 7, ಶೇಷ 2. ಹದಿನೇಳರಿಂದ ಉದ್ದಕ್ಕೆ ಭಾಗಿಸಿದಳು, ಶೇಷ 2. ಪೆನ್ಸಿಲ್ ನಿಂತಿತು.

"ಮಾವ, ಎಲ್ಲದಕ್ಕೂ ಎರಡೇ ಉಳೀತು, ನೋಡು."

"257ರಿಂದ ನೋಡು."

ಅದಕ್ಕೂ ಎರಡೇ ಉಳಿಯಿತು.

ಇದಕ್ಕೆ ಕಾರಣ ಪಕ್ಕದ ಮನೆಯಲ್ಲಿದೆ. ನಮ್ಮ ಸಂಖ್ಯೆಯ ಎಡಕ್ಕೆ ಎರಡು ಮನೆ ಹೋಗಿ: 4294967295. ನಡುವಿನ 4294967296 ಪೂರ್ತಿ ವರ್ಗ, 65536ರ ವರ್ಗ. ವರ್ಗದಿಂದ ಒಂದು ಕಳೆದರೆ ಏನಾಗುತ್ತದೆ ಅಂತ ಹೈಸ್ಕೂಲಿನಲ್ಲಿ ಕಲಿತಿರುತ್ತೇವೆ. ಒಂದು ಕಮ್ಮಿ ಗುಣಿಸು ಒಂದು ಜಾಸ್ತಿ. ಅಂದರೆ 65535 × 65537. ಆ 65535 ಮತ್ತೆ 255 × 257. ಆ 255 ಮತ್ತೆ 15 × 17. ಹದಿನೈದು 3 × 5. ಬೆಂಡೆಕಾಯಿ ಹೆಚ್ಚಿದ ಹಾಗೆ ತುಂಡಾಗುತ್ತಾ ಬರುತ್ತದೆ. ಕೊನೆಗೆ

4294967295 = 3 × 5 × 17 × 257 × 65537.

ಪಟ್ಟಿಯ ಹಿಂದಿನ ಐವರೂ ಆ ಮನೆಯಲ್ಲೇ ಇದ್ದಾರೆ, ಬೇರೆ ಯಾರೂ ಇಲ್ಲ. ನಮ್ಮ ಸಂಖ್ಯೆ ಅದಕ್ಕಿಂತ ಎರಡು ಜಾಸ್ತಿ. ಹಾಗಾಗಿ ಆ ಐವರಲ್ಲಿ ಯಾರಿಂದ ಭಾಗಿಸಿದರೂ ಎರಡು ಉಳಿಯಲೇಬೇಕು. ಇದನ್ನು ಹೇಳುವ ಮೊದಲೇ ಅವಳಿಗೆ ಹೊಳೆದಿತ್ತು. ದೀಪದ ಬೆಳಕಿನಲ್ಲಿ ಅವಳ ಮುಖ ನೋಡಿದ್ದು ಇನ್ನೂ ನೆನಪಿದೆ. ಲೆಕ್ಕ ಸರಿ ಬಂದಾಗಿನ ಖುಷಿ ಬೇರೆ. ಯಾಕೆ ಬಂತು ಅಂತ ತಿಳಿದಾಗಿನ ಖುಷಿಯೇ ಬೇರೆ.

ಮೂರು ಸಂಖ್ಯೆಗಳು ಸಾಲಾಗಿ ಇವೆ, ಕೊನೆಗೆ 95, 96, 97. ಒಂದು ಐದು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧ. ನಡುವಿನದು 32 ಸಲ ಎರಡು, ಮತ್ತೇನೂ ಇಲ್ಲ. ಮೂರನೆಯದು ಬಾಯಿಯೇ ಬಿಡುವುದಿಲ್ಲ. ಕೊನೆಯ ಒಂದು ಅಂಕೆ ಬದಲಾದರೆ ಇಷ್ಟು ವ್ಯತ್ಯಾಸ. ಇದು ಬರೀ ಗಣಿತದವರ ಚಿಂತೆ ಅಲ್ಲ. ಹೋದ ವರ್ಷ ಅಡಿಕೆ ದುಡ್ಡು ಬರುವುದು ತಡವಾಗಿ ವಿಚಾರಿಸಿದಾಗ, ಖಾತೆ ನಂಬರಿನ ಒಂದು ಅಂಕೆ ತಪ್ಪಾಗಿ ಬರೆದುಕೊಂಡಿದ್ದು ತಿಳಿಯಿತು. ಉಳಿದ ಅಂಕೆಗಳೆಲ್ಲ ಸರಿಯಿದ್ದವು. ಆಧಾರ್ ಸಂಖ್ಯೆಯ 12 ಅಂಕೆಗಳಲ್ಲಿ ಕೊನೆಯದು ಅದಕ್ಕೇ ಇರುವುದು. ಮೊದಲ 11 ಅಂಕೆಗಳಿಂದ ಲೆಕ್ಕ ಹಾಕಿ ಅದನ್ನು ಇಟ್ಟಿರುತ್ತಾರೆ. ಎಲ್ಲೋ ಒಂದು ಅಂಕೆ ತಪ್ಪಿದರೆ ಕೊನೆಯ ಅಂಕೆ ತಾಳೆ ಆಗುವುದಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ನಡುವಿನ 4294967296 ಕೂಡ ನಿಮಗೆ ಪರಿಚಯದ್ದೇ. ಹಳೆಯ ಬಗೆಯ ಇಂಟರ್ನೆಟ್ ವಿಳಾಸಗಳು 32 ಬಿಟ್‌ನವು. ಅಂದರೆ 32 ಜಾಗ, ಒಂದೊಂದರಲ್ಲೂ ಸೊನ್ನೆ ಅಥವಾ ಒಂದು. ಹಾಗಾಗಿ ಒಟ್ಟು ಅಷ್ಟೇ ವಿಳಾಸ ಸಾಧ್ಯ. ಭೂಮಿಯ ಜನ 800 ಕೋಟಿ ದಾಟಿದ್ದಾರೆ. ತಲೆಗೊಂದು ಕೊಟ್ಟರೂ ಸಾಲದು.

ಈಗ 97ಕ್ಕೆ ಬರೋಣ. ಅದನ್ನು ಒಡೆಯುವ ಸಂಖ್ಯೆ ಇದ್ದರೆ ಒಂದಾದರೂ 65536ರ ಒಳಗೆ ಇರಬೇಕು, ವರ್ಗಮೂಲ ಅಲ್ಲಿಗೇ ಬರುತ್ತದೆ. ಅಷ್ಟರೊಳಗೆ 6542 ಅವಿಭಾಜ್ಯಗಳಿವೆ. ಒಂದೊಂದಾಗಿ ಭಾಗಿಸಿದರೆ ಮಳೆಗಾಲ ಮುಗಿದು ಕೊನೆ ಕೊಯ್ಲು ಬರುತ್ತದೆ. "ಈ ಕತ್ತಲಲ್ಲಿ ಕಣ್ಣು ಹಾಳು ಮಾಡ್ಕಳಡಿ" ಅಂತ ಆಯಿ ಹಪ್ಪಳ ತಂದಿಟ್ಟು ಹೋದಳು. ಕೂಸು ಏಳಲಿಲ್ಲ.

ಫರ್ಮಾ ಪತ್ರ ಬರೆದು ಸುಮಾರು 90 ವರ್ಷ ಈ ಸಂಖ್ಯೆ ಹಾಗೇ ಉಳಿದಿತ್ತು. 1729ರ ಕೊನೆಯಲ್ಲಿ ಕ್ರಿಶ್ಚಿಯನ್ ಗೋಲ್ಡ್‌ಬಾಖ್ ಎಂಬವರು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್‌ಗೆ ಪತ್ರ ಬರೆದು ಈ ಮಾತು ನಿಮಗೆ ಗೊತ್ತಾ ಅಂತ ಕೇಳಿದರು. 1732ರಲ್ಲಿ ಆಯ್ಲರ್ ಉತ್ತರ ಕಂಡುಹಿಡಿದರು. ಆಗ ಅವರಿಗೆ 25 ವರ್ಷ. ಅವರು ಆಮೇಲೆ ಸಾಧಿಸಿದ ಒಂದು ಮಾತು ನಮ್ಮ ಕೆಲಸವನ್ನು ಅಂಗೈಯಷ್ಟು ಮಾಡಿಬಿಡುತ್ತದೆ. ಈ ಸಂಖ್ಯೆಯನ್ನು ಒಡೆಯುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ ಒಂದು ಉಳಿಯಬೇಕು. ಅಂದರೆ 65, 129, 193, 257, ಹೀಗೆ 64ರ ಹೆಜ್ಜೆ. ಇವುಗಳಲ್ಲಿ ಅವಿಭಾಜ್ಯಗಳನ್ನು ಮಾತ್ರ ಆರಿಸಿದರೆ ಸಿಗುವುದು 193, 257, 449, 577, 641. ಆಮೇಲೆ ಇನ್ನೂ ಇವೆ, ಆದರೆ ಅಲ್ಲಿವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

193ರಿಂದ ಭಾಗಿಸಿದಳು, 109 ಉಳಿಯಿತು. 257 ಆಗಿತ್ತು. 449ರಿಂದ 325 ಉಳಿಯಿತು. 577ರಿಂದ 288.

641. ಈ ಭಾಗಾಕಾರವನ್ನು ನೀವೂ ಒಂದು ಸಲ ಕೈಯಲ್ಲಿ ಮಾಡಿ ನೋಡಿ ಅಂತ ಕೇಳಿಕೊಳ್ಳುತ್ತೇನೆ, ಐದು ನಿಮಿಷ ಸಾಕು. 4294ರಲ್ಲಿ ಆರು ಸಲ, 448 ಉಳಿಯಿತು. 9 ಇಳಿಸಿದರೆ 4489. ಏಳು ಸಲ, ಏಳು ಸಲಕ್ಕೆ 4487, ಉಳಿದದ್ದು ಎರಡೇ ಎರಡು. 6 ಇಳಿಸಿದರೆ 26, ಸೊನ್ನೆ. 7 ಇಳಿಸಿದರೆ 267, ಮತ್ತೆ ಸೊನ್ನೆ. 2 ಇಳಿಸಿದರೆ 2672, ನಾಲ್ಕು ಸಲ, 108 ಉಳಿಯಿತು. 9 ಇಳಿಸಿದರೆ 1089, ಒಂದು ಸಲ, ಉಳಿದದ್ದು 448.

ಮತ್ತೆ 448! ಶುರುವಿನಲ್ಲಿ ಬಂದ ಅದೇ 448. ಆಗ ಅದರ ಪಕ್ಕ 9 ಇಳಿದು 4489 ಆಗಿತ್ತು, ಎರಡು ಉಳಿದಿತ್ತು. ಈಗ ಇಳಿಸಲು ಉಳಿದಿರುವ ಕೊನೆಯ ಅಂಕೆ 7. ಆದದ್ದು 4487. ಏಳು ಸಲಕ್ಕೆ ಸರಿಯಾಗಿ 4487.

ಶೇಷ ಸೊನ್ನೆ.

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಉತ್ತರ ನನಗೆ ಗೊತ್ತಿತ್ತು, ಎಷ್ಟೋ ವರ್ಷಗಳಿಂದ ಗೊತ್ತಿತ್ತು. ಆದರೂ ಆ 448 ಎರಡನೇ ಸಲ ಬಂದು, ಅದರ ಪಕ್ಕಕ್ಕೆ 7 ಇಳಿದಾಗ ಮೈ ಜುಮ್ಮೆಂದಿತು. ಓದಿದ್ದರಲ್ಲಿ ಎಲ್ಲೂ ಯಾರೂ ಆ 448ರ ಬಗ್ಗೆ ನನಗೆ ಹೇಳಿರಲಿಲ್ಲ. ಕೈಯಲ್ಲಿ ಮಾಡಿದ್ದಕ್ಕೆ ಸಿಕ್ಕಿತು.

4294967297 = 641 × 6700417.

ಶಿರಸಿಯ ಮಾರ್ಕೆಟ್ ಯಾರ್ಡಿನಲ್ಲಿ ವ್ಯಾಪಾರಸ್ಥರು ರಾಶಿಯಿಂದ ಒಂದು ಅಡಿಕೆ ಎತ್ತಿ ಅಡಕತ್ತರಿಯಲ್ಲಿ ಕತ್ತರಿಸಿ ಒಳಗೆ ನೋಡುತ್ತಾರೆ. ಹೊರಗಿನಿಂದ ಎಲ್ಲವೂ ಗಟ್ಟಿಯೇ. ಸಣ್ಣಂದಿನಿಂದ ಆ ಸದ್ದು ಕೇಳಿ ಬೆಳೆದವನು ನಾನು. ಸೊನ್ನೆ ಬಿದ್ದಾಗ ನನ್ನ ಕಿವಿಯಲ್ಲಿ ಕೇಳಿದ್ದು ಅದೇ ಟಕ್ ಅನ್ನುವ ಸದ್ದು.

ಮಾರನೇ ದಿನವೂ ಮಳೆ, ಕರೆಂಟಿಲ್ಲ. ಅವಳಿಗೆ ಹೊಸ ತಗಾದೆ. ಭಾಗಿಸಿ ನೋಡಿದ್ದು ಸರಿ, ಆದರೆ 641ಕ್ಕೇ ಯಾಕೆ ಒಡೆಯಬೇಕು? ಇದಕ್ಕೆ ಒಂದು ಸೊಗಸಾದ ದಾರಿ ಇದೆ. ಹತ್ತಂಕೆಯ ಸಂಖ್ಯೆಯನ್ನು ಬರೆಯುವುದೇ ಬೇಡ. ಒಂದರಿಂದ ಶುರು ಮಾಡಿ ದುಪ್ಪಟ್ಟು ಮಾಡುತ್ತಾ ಹೋಗಿ. 641 ದಾಟಿದ ಕೂಡಲೇ 641 ಕಳೆಯಿರಿ, ಉಳಿದದ್ದನ್ನು ಮಾತ್ರ ಇಟ್ಟುಕೊಳ್ಳಿ. ಶೇಷ ಮಾತ್ರ ಬೇಕು ಅಂದಮೇಲೆ ಉಳಿದ ಭಾರ ಯಾಕೆ ಹೊರಬೇಕು, ಅಲ್ವಾ? 1, 2, 4, 8, 16, 32, 64, 128, 256, 512. ಮುಂದೆ 1024, ಅದರಿಂದ 641 ಕಳೆದರೆ 383. ಆಮೇಲೆ 125, 250, 500, 359, 77, 154, 308, 616, 591, 541, 441, 241, 482, 323.

24 ಸಲ ದುಪ್ಪಟ್ಟಾಯಿತು. ಇಲ್ಲಿವರೆಗೆ ಯಾವ ಲಯವೂ ಕಾಣುವುದಿಲ್ಲ. 323ರ ದುಪ್ಪಟ್ಟು 646. 641 ಕಳೆದರೆ 5.

ಅಲ್ಲಿಂದ ಮುಂದೆ ನೋಡಿ. 5, 10, 20, 40, 80, 160, 320, 640. ಗದ್ದಲದಿಂದ ಹೊರಬಂದು ಮೆಟ್ಟಿಲು ಹತ್ತಿದ ಹಾಗೆ. ಎಣಿಸಿದರೆ 640 ಬಂದದ್ದು ಸರಿಯಾಗಿ 32ನೇ ದುಪ್ಪಟ್ಟಿಗೆ. ನಮ್ಮ ಸಂಖ್ಯೆ ಅಂದರೆ 32 ಸಲ ದುಪ್ಪಟ್ಟಾದ ಒಂದಕ್ಕೆ ಇನ್ನೊಂದು ಕೂಡಿಸಿದ್ದು ತಾನೇ? 640ಕ್ಕೆ ಒಂದು ಕೂಡಿಸಿದರೆ 641. ಮುಗಿಯಿತು. ಶೇಷ ಇಲ್ಲ.

ಆ 64ರ ಗುಟ್ಟೂ ಇಲ್ಲೇ ಇದೆ. 640 ಅಂದರೆ 641ಕ್ಕೆ ಒಂದು ಕಮ್ಮಿ, 641ರ ಲೆಕ್ಕದಲ್ಲಿ ಒಂದು ರೂಪಾಯಿ ಸಾಲ ಇದ್ದ ಹಾಗೆ. ಅಲ್ಲಿಂದ ಇನ್ನೂ 32 ಸಲ ದುಪ್ಪಟ್ಟು ಮಾಡಿದರೆ ಸಾಲ ತೀರಿ ಮತ್ತೆ ಒಂದಕ್ಕೆ ಬರುತ್ತೇವೆ. ಒಟ್ಟು 64 ಹೆಜ್ಜೆಗೆ ಒಂದು ಸುತ್ತು. ಎರಡನ್ನು ಬಿಟ್ಟು ಬೇರೆ ಯಾವ ಅವಿಭಾಜ್ಯ ತಗೊಂಡರೂ, ಅದಕ್ಕಿಂತ ಒಂದು ಕಮ್ಮಿ ಹೆಜ್ಜೆ ನಡೆದರೆ ಈ ಆಟ ಒಂದಕ್ಕೆ ವಾಪಸು ಬಂದೇ ಬರುತ್ತದೆ. ಹಾಗಾಗಿ ಅದಕ್ಕಿಂತ ಒಂದು ಕಮ್ಮಿ ಇರುವ ಸಂಖ್ಯೆಯಲ್ಲಿ 64ರ ಸುತ್ತುಗಳು ಪೂರ್ತಿ ಪೂರ್ತಿ ಕೂರಬೇಕು. 640ರಲ್ಲಿ ಹತ್ತು ಸುತ್ತು.

"ಒಂದು ಕಮ್ಮಿ ಹೆಜ್ಜೆ ನಡೆದರೆ ವಾಪಸು ಬರುತ್ತದೆ" ಅನ್ನುವ ಆ ನಿಯಮ ಯಾರದ್ದು ಗೊತ್ತಾ? ಫರ್ಮಾ ಅವರದೇ. ಅದನ್ನೂ ಅವರು 1640ರ ಅಕ್ಟೋಬರಿನ ಒಂದು ಪತ್ರದಲ್ಲೇ ಬರೆದರು. ಒಡೆಯುವ ಕತ್ತಿ ಅವರ ಕೈಯಲ್ಲೇ ಇತ್ತು, ಅದೇ ವರ್ಷ. ಐದೇ ಐದು ಭಾಗಾಕಾರ ಮಾಡಿದ್ದರೆ ಸಾಕಿತ್ತು. ಇದನ್ನು ಓದಿದವರು ಸಾಮಾನ್ಯವಾಗಿ ಫರ್ಮಾ ಎಡವಿದರು ಅಂತ ಹೇಳಿ ಮುಗಿಸುತ್ತಾರೆ. ನನಗೆ ಹಾಗೆ ಹೇಳಲು ಮನಸ್ಸು ಬರುವುದಿಲ್ಲ. ಐದು ಸಂಖ್ಯೆ ಸಾಲಾಗಿ ಅವಿಭಾಜ್ಯ ಆಗಿ ನಿಂತಾಗ ಆರನೆಯದನ್ನು ಯಾರು ತಾನೇ ನಂಬುವುದಿಲ್ಲ? ಈ ಪಟ್ಟಿಯಲ್ಲಿ 65537 ಆದಮೇಲೆ ಇವತ್ತಿನವರೆಗೂ ಒಂದೇ ಒಂದು ಅವಿಭಾಜ್ಯ ಸಿಕ್ಕಿಲ್ಲ. ಅವರಿಗೆ ಸಿಕ್ಕಿದ ಐದೇ ಈಗಲೂ ನಮಗೆ ಗೊತ್ತಿರುವ ಐದು. ಆ ಐದರ ಬೆಲೆ ತಿಳಿದದ್ದು 1796ರಲ್ಲಿ, ಜರ್ಮನಿಯ ಗಣಿತಜ್ಞ, 18 ವರ್ಷದ ಗೌಸ್ 17 ಸಮ ಬದಿಗಳ ಆಕೃತಿಯನ್ನು ಬರೀ ಅಳತೆಪಟ್ಟಿ ಮತ್ತು ಕೈವಾರದಿಂದ ಎಳೆಯಬಹುದು ಎಂದು ತೋರಿಸಿದಾಗ. ಹೀಗೆ ಎಳೆಯಬಹುದಾದ, ಬೆಸ ಸಂಖ್ಯೆಯ ಸಮ ಬದಿಗಳಿರುವ ಆಕೃತಿಗಳಿಗೆಲ್ಲ ಈ ಪಟ್ಟಿಯ ಅವಿಭಾಜ್ಯಗಳೇ ಆಧಾರ. ಬೆಸ ಬದಿಗಳಲ್ಲಿ, ಗೊತ್ತಿರುವ ಮಟ್ಟಿಗೆ ಅತಿ ದೊಡ್ಡದಕ್ಕೆ ಎಷ್ಟು ಬದಿ? ನಮ್ಮ ಎಡಮನೆಯ 4294967295.

ಲೆಕ್ಕದಲ್ಲಿ ಚಂದ ನೋಡುವುದು ನಮ್ಮ ನೆಲಕ್ಕೂ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ ತಮ್ಮ ಗಣಿತಸಾರಸಂಗ್ರಹದಲ್ಲಿ ಗುಣಾಕಾರ ಕಲಿಸುವಾಗ ಉತ್ತರ ಹಾರದ ಹಾಗೆ ಬರುವ ಸಂಖ್ಯೆಗಳನ್ನು ಆರಿಸಿ ಕೊಟ್ಟಿದ್ದಾರೆ. 152207ನ್ನು 73ರಿಂದ ಗುಣಿಸಿ ನೋಡಿ. 11111111. ಕೂಸಿಗೆ ಇದನ್ನೂ ಮಾಡಿಸಿದೆ. ಹಿಂದಿನ ಪುಟದ ಕೆಳಗಿನ ಮೂಲೆಯಲ್ಲಿ ಇದೆ.

ಇನ್ನು ಉಳಿದದ್ದು 6700417. ಅದೂ ಒಡೆಯುತ್ತದಾ? 64ರ ಬದಲು 128ರ ಹೆಜ್ಜೆ ಇಟ್ಟರೂ ಸಾಕು ಅಂತ 1878ರಲ್ಲಿ ಫ್ರಾನ್ಸಿನ ಗಣಿತಜ್ಞ ಲ್ಯೂಕಾ ತೋರಿಸಿದ್ದಾರೆ. 257 ಆಗಲೇ ಆಗಿತ್ತು. ಹಾಗಾಗಿ ಇದರ ವರ್ಗಮೂಲದ ಒಳಗೆ ಉಳಿದ 641, 769, 1153, 1409, ಈ ನಾಲ್ಕರಿಂದ ಭಾಗಿಸಿ ನೋಡಿದರೆ ಆಯಿತು. 44, 120, 334, 622 ಉಳಿಯಿತು. ಅದು ಅವಿಭಾಜ್ಯ. ಅಮೆರಿಕದ ಜೀರಾ ಕೋಲ್ಬರ್ನ್ ಎಂಬ ಹುಡುಗನಿಗೆ, ಎಂಟರ ಆಸುಪಾಸಿನ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಜನರ ಮುಂದೆ ಇದೇ 4294967297ನ್ನು ಕೊಟ್ಟಿದ್ದರು. ಅವನು ಕಾಗದ ಮುಟ್ಟದೆ 641 ಅಂದನಂತೆ. ಅವಳಿಗೆ ಆ ಹುಡುಗನ ಕತೆ ಅಷ್ಟು ಹಿಡಿಸಲಿಲ್ಲ. "ಅವಂಗೆ 448 ಎರಡು ಸಲ ಬಂದಿದ್ದು ಕಂಡಿತ್ತ ಇಲ್ಯ?" ಅಂದಳು.

ಮೂರನೇ ದಿನ ಘಟ್ಟದ ರಸ್ತೆ ಬಿಟ್ಟಿತು. ಹೊರಡುವ ಮೊದಲು ಪಟ್ಟಿಯ ಮುಂದಿನ ಸಂಖ್ಯೆಯನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. 18446744073709551617, ಇಪ್ಪತ್ತು ಅಂಕೆ. ಇದಕ್ಕೆ 256ರ ಹೆಜ್ಜೆ ಅಂತ ಮಾತ್ರ ಹೇಳಿಕೊಟ್ಟೆ. 1880ರಲ್ಲಿ ಫಾರ್ಚೂನೆ ಲ್ಯಾಂಡ್ರಿ ಎಂಬವರು ತಮ್ಮ 82ನೇ ವಯಸ್ಸಿನಲ್ಲಿ ಇದನ್ನು ಒಡೆದರು, 274177 × 67280421310721 ಅಂತ. ಅದನ್ನು ಹೇಳಲಿಲ್ಲ. ಅವಳು ಈ ಬರಹ ಓದುವ ಹೊತ್ತಿಗೆ ಅಲ್ಲಿಗೆ ತಲುಪಿರಬಹುದು, ಅಥವಾ ನನ್ನ ಮೇಲೆ ಸಿಟ್ಟಾಗಬಹುದು.

ಅವಳು ಕಾರವಾರ ಮುಟ್ಟಿದ ಮಾರನೇ ದಿನ ಸಂಜೆ ಫೋನ್ ಬಂತು. ಸಮುದ್ರದ ಗಾಳಿಯ ಸದ್ದು ಜಾಸ್ತಿ, ಮಾತು ಕಮ್ಮಿ ಕೇಳುತ್ತಿತ್ತು.

"ಮಾವ, 257ಕ್ಕೆ ಎರಡೇ. 769ಕ್ಕೆ 362 ಉಳೀತು. ಸರಿ ಇದ್ದ?"

ಲೆಕ್ಕದ ಪುಸ್ತಕ ತಿರುಗಿಸಿ, ದುಪ್ಪಟ್ಟು ಮಾಡುತ್ತಾ ಹೋಗಿ ತಾಳೆ ನೋಡಿದೆ. 362 ಸರಿ ಇತ್ತು.

"ಸರಿ ಇದ್ದು" ಅಂದೆ. "ಮುಂದಿಂದು 3329."